13ನೇ ತಾರೀಖಿಗೆ ಬಾಯಿಬಿಟ್ಟ ತಪ್ಪು

ಒಂದು ಸಂಸ್ಥೆಯ ಸದಸ್ಯರ ಪಟ್ಟಿ ನೋಡಿಕೊಳ್ಳುವ ಸ್ಕ್ರಿಪ್ಟ್, ಅಂದರೆ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ, ನನ್ನ ಕೈಗೆ ಬಂದು 11 ವರ್ಷ ಆಯಿತು. ನಾನು ಬರೆದದ್ದಲ್ಲ. ನನಗಿಂತ ಮುಂಚೆ ಇದ್ದವರು ಬರೆದದ್ದು. ಅದರ ಕೆಲಸ ದೊಡ್ಡದೇನಲ್ಲ. ಒಂದು ಫೈಲ್ ಓದುತ್ತದೆ, ಯಾರು ಯಾವಾಗ ಸೇರಿದರು ಅಂತ ನೋಡುತ್ತದೆ, ಸದಸ್ಯತ್ವ ರಿನ್ಯೂ ಮಾಡುವ ದಿನ ಲೆಕ್ಕ ಹಾಕುತ್ತದೆ, ಪತ್ರ ಸಿದ್ಧ ಮಾಡುತ್ತದೆ. ಅಷ್ಟೇ.

ಒಂದು ಬೆಳಗ್ಗೆ ಆ ಪತ್ರಗಳನ್ನು ತಿರುವಿ ಹಾಕುತ್ತಿದ್ದೆ. ಒಂದೇ ತಾರೀಖು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ‘ತಾವು 01-01-1970ರಂದು ಸದಸ್ಯರಾಗಿದ್ದೀರಿ.’ ಎಣಿಸಿದೆ. 66 ಪತ್ರಗಳಲ್ಲಿ 41ರಲ್ಲಿ ಅದೇ ದಿನ. ಆ ಸಂಸ್ಥೆ ಹುಟ್ಟಿದ್ದೇ 1970 ಆಗಿ ಎಷ್ಟೋ ವರ್ಷಗಳ ಮೇಲೆ.

ಈ ತಾರೀಖು ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತು. ಬಹಳಷ್ಟು ಕಂಪ್ಯೂಟರ್‌ಗಳು ಸಮಯವನ್ನು ಎಣಿಸಲು ಶುರು ಮಾಡುವುದು ಅಲ್ಲಿಂದ. ಸೊನ್ನೆ ಸೆಕೆಂಡ್ ಅಂದರೆ 1970ರ ಜನವರಿ 1. ಎಲ್ಲೋ ಒಂದು ಕಡೆ ಸೊನ್ನೆ ಬಂದು ಕೂತಿದೆ ಅಂತ ತಕ್ಷಣ ಅನಿಸಿತು. ಕೋಡ್ ತೆರೆದರೆ ಒಂದೇ ಸಾಲು. ಫೈಲ್‌ನಿಂದ ಬಂದ ಪಠ್ಯವನ್ನು ಸ್ಟ್ರ್‌ಟುಟೈಮ್ ಅನ್ನುವ, ಪಠ್ಯವನ್ನು ಸೆಕೆಂಡ್‌ಗಳ ಲೆಕ್ಕಕ್ಕೆ ತಿರುಗಿಸುವ ಫಂಕ್ಷನ್‌ಗೆ ಕೊಟ್ಟು, ಅದು ಕೊಟ್ಟದ್ದನ್ನು ನೇರವಾಗಿ, ಆ ಲೆಕ್ಕವನ್ನು ತಾರೀಖಾಗಿ ಬರೆಯುವ ಡೇಟ್ ಫಂಕ್ಷನ್‌ಗೆ ದಾಟಿಸಿದ್ದರು. ಸ್ಟ್ರ್‌ಟುಟೈಮ್‌ಗೆ ಪಠ್ಯ ಅರ್ಥವಾಗದಿದ್ದರೆ ‘ಫಾಲ್ಸ್’, ಅಂದರೆ ‘ಇಲ್ಲ’ ಅನ್ನುವ ಬೆಲೆ, ಕೊಡುತ್ತದೆ. ಡೇಟ್ ಫಂಕ್ಷನ್ ಆ ಫಾಲ್ಸನ್ನು ಸೊನ್ನೆ ಅಂದುಕೊಳ್ಳುತ್ತದೆ. ಸೊನ್ನೆ ಅಂದರೆ 1970. ಎಲ್ಲೂ ಒಂದು ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲಿಲ್ಲ.

ಅರ್ಥವಾಗದೆ ಹೋದದ್ದು ಯಾಕೆ? ಆ ಸಲದ ಫೈಲ್‌ನಲ್ಲಿ ತಾರೀಖುಗಳು ಓರೆಗೆರೆ ಹಾಕಿ ಬಂದಿದ್ದವು, 23/07/2015 ಅನ್ನುವ ಹಾಗೆ. ಪಿಎಚ್‌ಪಿಗೆ ಇಲ್ಲಿ ಒಂದು ನಿಯಮ ಇದೆ. ನಡುವೆ ಅಡ್ಡಗೆರೆ (-) ಇದ್ದರೆ ಮೊದಲನೆಯದು ದಿನ. ಓರೆಗೆರೆ ಇದ್ದರೆ ಅಮೆರಿಕದ ಪದ್ಧತಿ, ಮೊದಲನೆಯದು ತಿಂಗಳು. 23ನೇ ತಿಂಗಳು ಎಲ್ಲಿಂದ ಬರಬೇಕು? ಹಾಗಾಗಿ ಫಾಲ್ಸ್, ಹಾಗಾಗಿ 1970.

41 ಪತ್ರ ಸರಿ ಮಾಡುವುದು ಸುಲಭವಿತ್ತು. ನನಗೆ ಹೊಟ್ಟೆಯಲ್ಲಿ ಏನೋ ಆದದ್ದು ಉಳಿದ 25 ಪತ್ರ ನೋಡಿದಾಗ. ಅವು ನೋಡಲು ಚೆನ್ನಾಗಿಯೇ ಇದ್ದವು. 04/07/2015 ಅಂತ ಬಂದ ಸಾಲಿಗೆ ಸ್ಕ್ರಿಪ್ಟ್ ಜುಲೈ 4 ಅನ್ನುವ ಬದಲು ಏಪ್ರಿಲ್ 7 ಅಂತ ಓದಿತ್ತು. ಏಪ್ರಿಲ್ 7 ಒಳ್ಳೆಯ ತಾರೀಖೇ ಅಲ್ವಾ? ಅದನ್ನು ನೋಡಿ ಯಾರಿಗೆ ಸಂಶಯ ಬರುತ್ತದೆ? 25ರಲ್ಲಿ 3 ಮಾತ್ರ ಸರಿ ಇದ್ದವು, ಅದೂ 05/05 ತರಹದವು.

ಅವತ್ತು ಕೂತು ಲೆಕ್ಕ ಹಾಕಿದೆ. ವರ್ಷದ 365 ದಿನಗಳಲ್ಲಿ ದಿನವೂ ತಿಂಗಳೂ ಎರಡೂ 12ರ ಒಳಗೆ ಇರುವಂಥವು 144. ಅದರಲ್ಲಿ 12 ದಿನಗಳಿಗೆ ತಿರುಗಿಸಿದರೂ ಅದೇ ಉತ್ತರ. ಉಳಿದ 132 ದಿನಗಳು ಸದ್ದಿಲ್ಲದೆ ತಪ್ಪಾಗುತ್ತವೆ. ತಿಂಗಳಿನ 13ನೇ ತಾರೀಖಿನಿಂದ ಆಚೆಗಿನ 221 ದಿನಗಳು ಮಾತ್ರ ಕೈಗೆ ಸಿಗುತ್ತವೆ. ನಮ್ಮಲ್ಲಿ ಆ 221 ಕೂಡ ಬಾಯಿ ಬಿಡುತ್ತಿರಲಿಲ್ಲ, 1970ರ ವೇಷ ಹಾಕಿಕೊಂಡು ಬಂದವು. ಆ ವೇಷ ಕಣ್ಣಿಗೆ ಹೊಡೆಯುವಂಥದ್ದು ಆದದ್ದರಿಂದ ನಾನು ಬಚಾವಾದೆ.

ಡೇಟಾ ಎಂಟ್ರಿ ಮಾಡುವ ಹುಡುಗಿಯನ್ನು ಕೇಳಿದೆ, ಫಾರಂನಲ್ಲಿ ತಾರೀಖು ಹೇಗೆ ಹಾಕುತ್ತೀಯಾ ಅಂತ.

“ಮೇಡಂ, ಓರೆಗೆರೆ ಹಾಕಿದ್ರೆ ಒಮ್ಮೊಮ್ಮೆ ತಗೊಳ್ಳುತ್ತೆ, ಒಮ್ಮೊಮ್ಮೆ ತಗೊಳ್ಳಲ್ಲ. ತಗೊಳ್ಳದಿದ್ದಾಗ ಅಡ್ಡಗೆರೆ ಹಾಕಿ ಕೊಡ್ತೀನಿ.”

ಅವಳು ಸಹಜವಾಗಿ ಹೇಳಿದಳು. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ವೆಬ್ ಫಾರಂ ಕೂಡ ಸ್ಟ್ರ್‌ಟುಟೈಮನ್ನೇ ಬಳಸುತ್ತಿತ್ತು, ಆದರೆ ಅಲ್ಲಿ ಫಾಲ್ಸ್ ಬಂದರೆ ‘ತಪ್ಪು ದಿನಾಂಕ’ ಅಂತ ತೋರಿಸುವ ಒಂದು ಸಾಲು ಇತ್ತು. ಅಂದರೆ 13ರಿಂದ ಆಚೆಗಿನ ತಾರೀಖುಗಳನ್ನೆಲ್ಲ ಅವಳು ತಿದ್ದಿ ಹಾಕಿದ್ದಾಳೆ. 12ರೊಳಗಿನವು ವರ್ಷಗಟ್ಟಲೆ ತಲೆಕೆಳಗಾಗಿ ಒಳಗೆ ಹೋಗಿವೆ. ಅವಳ ತಪ್ಪು ಇದರಲ್ಲಿ ಏನೂ ಇಲ್ಲ. ಒಮ್ಮೊಮ್ಮೆ ತಗೊಳ್ಳುವ ಯಂತ್ರವನ್ನು ಯಾರೇ ಆದರೂ ಹಾಗೆಯೇ ಬಳಸುತ್ತಾರೆ.

ಅವತ್ತಿನಿಂದ ನನ್ನ ತಲೆಯಲ್ಲಿ ದಿನಾಂಕ ಮತ್ತು ಎಕ್ಸೆಪ್ಷನ್ (ತಪ್ಪಾದಾಗ ಪ್ರೋಗ್ರಾಂ ಕೆಲಸ ನಿಲ್ಲಿಸಿ ಎಸೆಯುವ ಸೂಚನೆ) ಎರಡೂ ಒಂದೇ ವಿಷಯ ಆಗಿಬಿಟ್ಟವು. ಬೇರೆ ಡೇಟಾ ಕೆಟ್ಟರೆ ಹೇಗಾದರೂ ಗೊತ್ತಾಗುತ್ತದೆ. ಹೆಸರಿನ ಜಾಗದಲ್ಲಿ ಅಂಕಿ ಬಂದರೆ ಓದುವವರು ಗುರುತಿಸುತ್ತಾರೆ. ತಪ್ಪು ತಾರೀಖು ಮಾತ್ರ ಸರಿಯಾದ ತಾರೀಖಿನ ಹಾಗೆಯೇ ಇರುತ್ತದೆ. ಹಾಗಾಗಿ ಅದನ್ನು ಓದುವ ಜಾಗದಲ್ಲೇ ಹಿಡಿಯಬೇಕು, ಹಿಡಿದ ಕೂಡಲೇ ಪ್ರೋಗ್ರಾಂ ಜೋರಾಗಿ ಹೇಳಬೇಕು. ಹಾಗೆ ಜೋರಾಗಿ ಹೇಳುವುದಕ್ಕೆ ಭಾಷೆ ಕೊಟ್ಟಿರುವ ಬಾಯಿಯೇ ಎಕ್ಸೆಪ್ಷನ್.

ಹಾಗಾದರೆ ಪಿಎಚ್‌ಪಿ ಮೊದಲೇ ಯಾಕೆ ಹೇಳುತ್ತಿರಲಿಲ್ಲ ಅಂತ ಹುಡುಕಿದೆ. ಉತ್ತರ ಅದರ ವಯಸ್ಸಿನಲ್ಲಿದೆ. ಪಿಎಚ್‌ಪಿಗೆ ಎಕ್ಸೆಪ್ಷನ್ ಮತ್ತು ಅದನ್ನು ಹಿಡಿಯುವ ಟ್ರೈ, ಕ್ಯಾಚ್ ಬಂದದ್ದು 2004ರಲ್ಲಿ, 5ನೇ ಆವೃತ್ತಿಯ ಜೊತೆ. ಸ್ಟ್ರ್‌ಟುಟೈಮ್ ಅದಕ್ಕಿಂತ ಹಳೆಯದು. ಅದು ಹುಟ್ಟಿದಾಗ ಎಸೆಯಲು ಎಕ್ಸೆಪ್ಷನ್ನೇ ಇರಲಿಲ್ಲ. ‘ಗೊತ್ತಾಗಲಿಲ್ಲ’ ಅಂತ ಹೇಳಲು ಒಂದು ಬೆಲೆಯನ್ನೇ ವಾಪಸ್ ಕೊಡಬೇಕಿತ್ತು. 5.1ಕ್ಕೆ ಮುಂಚೆ ಆ ಬೆಲೆ ಫಾಲ್ಸ್ ಕೂಡ ಆಗಿರಲಿಲ್ಲ, ಮೈನಸ್ 1 ಆಗಿತ್ತು. ಮೈನಸ್ 1 ಅಂದರೆ ಎಣಿಕೆ ಶುರುವಾಗುವ ಒಂದು ಸೆಕೆಂಡ್ ಮುಂಚೆ, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) 1969ರ ಡಿಸೆಂಬರ್ 31ರ ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡ್. ಯಾರಾದರೂ ನಿಜವಾಗಿ ಅದೇ ಕ್ಷಣವನ್ನು ಕೊಟ್ಟರೆ, ಉತ್ತರ ಸರಿಯೋ ತಪ್ಪೋ ಅಂತ ಹೇಳಲು ದಾರಿಯೇ ಇರಲಿಲ್ಲ. ಇದನ್ನು ಓದಿದಾಗ ನನಗೆ ಎಲ್ಲ ಸ್ಪಷ್ಟವಾಯಿತು. ಉತ್ತರ ಬರುವ ದಾರಿಯಲ್ಲೇ ತಪ್ಪೂ ಬಂದರೆ ಒಂದಲ್ಲ ಒಂದು ದಿನ ಎರಡೂ ಬೆರೆತುಹೋಗುತ್ತವೆ. ಎಕ್ಸೆಪ್ಷನ್ ತಪ್ಪಿಗೆ ಬೇರೆ ದಾರಿ ಮಾಡಿಕೊಡುತ್ತದೆ.

ಜಾವಾಸ್ಕ್ರಿಪ್ಟ್ ಕತೆಯೂ ಹೀಗೆಯೇ. ಅದರ ಡೇಟ್ 1995ರದ್ದು, ಜಾವಾದಿಂದ ಎತ್ತಿಕೊಂಡದ್ದು. ಟ್ರೈ, ಕ್ಯಾಚ್ ಆ ಭಾಷೆಯ ಸ್ಟ್ಯಾಂಡರ್ಡ್‌ಗೆ ಸೇರಿದ್ದು 1999ರ ಡಿಸೆಂಬರ್‌ನಲ್ಲಿ. ಇವತ್ತಿಗೂ ಅಲ್ಲಿ ಅರ್ಥವಿಲ್ಲದ ಪಠ್ಯ ಕೊಟ್ಟರೆ ‘ಇನ್‌ವ್ಯಾಲಿಡ್ ಡೇಟ್’ ಅನ್ನುವ ಒಂದು ವಸ್ತು ಕೈಗೆ ಬರುತ್ತದೆ. ಇದು ಇವತ್ತಿಗಿಂತ ಹಿಂದಿನದಾ ಅಂತ ಕೇಳಿದರೆ ಇಲ್ಲ ಅನ್ನುತ್ತದೆ. ಮುಂದಿನದಾ ಅಂದರೆ ಅದಕ್ಕೂ ಇಲ್ಲ. ಸದಸ್ಯತ್ವ ಮುಗಿದಿದೆಯಾ ಅಂತ ನೋಡುವ ಕೋಡ್‌ಗೆ ಅಂಥವರ ಸದಸ್ಯತ್ವ ಎಂದೂ ಮುಗಿಯುವುದೇ ಇಲ್ಲ.

ಪೈಥಾನ್‌ನ ಡೇಟ್‌ಟೈಮ್ ಬಂದದ್ದು 2003ರಲ್ಲಿ. ಆ ಭಾಷೆಯಲ್ಲಿ ಎಕ್ಸೆಪ್ಷನ್ ಮೊದಲೇ ಇತ್ತು. ಅದಕ್ಕೇ ಅಲ್ಲಿ ಫೆಬ್ರವರಿ 30 ಅಂದರೆ ತಕ್ಷಣ ವ್ಯಾಲ್ಯೂಎರರ್ ಎಸೆಯುತ್ತದೆ. ನನಗೆ ಅದರಲ್ಲಿ ತುಂಬಾ ಇಷ್ಟವಾದ ಒಂದು ವಿಚಿತ್ರ ಇದೆ. ವರ್ಷ ಇಲ್ಲದೆ ಬರೀ ದಿನ, ತಿಂಗಳು ಓದಿಸಿದರೆ ಅದು ವರ್ಷವನ್ನು 1900 ಅಂದುಕೊಳ್ಳುತ್ತದೆ. 1900 ಅಧಿಕ ವರ್ಷ ಅಲ್ಲ, ಯಾಕೆಂದರೆ 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗಬೇಕು. ಹಾಗಾಗಿ ಹುಟ್ಟುಹಬ್ಬದ ಪಟ್ಟಿಯಲ್ಲಿ 29/02 ಬಂದರೆ ಎರರ್. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನದಂದೇ ಬೀಳುವ ಪ್ರೋಗ್ರಾಂ! ಆದರೂ ಅದು ಬಿದ್ದು ಹೇಳುತ್ತದೆ. ಅದಕ್ಕೆ ನಾನು ಋಣಿ.

ನನ್ನ ಸ್ಕ್ರಿಪ್ಟ್‌ಗೆ ಬರುತ್ತೇನೆ. ಸ್ಟ್ರ್‌ಟುಟೈಮ್ ತೆಗೆದು 2006ರಲ್ಲಿ ಪಿಎಚ್‌ಪಿಗೇ ಬಂದ ಡೇಟ್‌ಟೈಮ್ ಕ್ಲಾಸ್ ಹಾಕಿದೆ. ಅದಕ್ಕೆ ಅರ್ಥವಿಲ್ಲದ ಪಠ್ಯ ಕೊಟ್ಟರೆ ಎಕ್ಸೆಪ್ಷನ್ ಬರುತ್ತದೆ. ಒಳ್ಳೆಯದೇ ಅಲ್ವಾ? ಆದರೆ ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಒಂದು ಸಾಲು ಕೆಟ್ಟರೆ ಇಡೀ ಫೈಲ್ ನಿಲ್ಲಬಾರದು ಅಂತ ಟ್ರೈ ಹಾಕಿದೆ. ಕ್ಯಾಚ್ ಒಳಗೆ ಬರೀ ‘ಕಂಟಿನ್ಯೂ’. ಮುಂದಿನ ಸಾಲಿಗೆ ಹೋಗು, ಅಷ್ಟೇ. ಆ ವರ್ಷ 17 ಜನರಿಗೆ ಪತ್ರ ಹೋಗಲೇ ಇಲ್ಲ. ಒಬ್ಬ ಹಿರಿಯರು ಫೋನ್ ಮಾಡಿ ‘ನನ್ನನ್ನು ಪಟ್ಟಿಯಿಂದ ತೆಗೆದುಬಿಟ್ಟಿರಾ ಅಮ್ಮಾ’ ಅಂತ ಕೇಳಿದಾಗ ಗೊತ್ತಾಯಿತು. ಆ ಮಾತು ಇನ್ನೂ ಕಿವಿಯಲ್ಲಿದೆ. ಭಾಷೆ ಹೇಳಬೇಕಾದದ್ದನ್ನು ಹೇಳಿತ್ತು. ಬಾಯಿಗೆ ಕೈ ಅಡ್ಡ ಇಟ್ಟದ್ದು ನಾನು.

ಈಗ ಕ್ಯಾಚ್ ಬರೆಯುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹಿಡಿದು ಇಲ್ಲಿ ನಾನು ಏನು ಮಾಡಬಲ್ಲೆ? ಏನೂ ಮಾಡಲಾಗದಿದ್ದರೆ ಹಿಡಿಯುವುದೇ ಬೇಡ, ಮೇಲಕ್ಕೆ ಹೋಗಲಿ. ಹಿಡಿದರೆ, ಹಿಡಿದ ಸುದ್ದಿ ಯಾರಿಗೆ ತಲುಪುತ್ತದೆ? ನನ್ನ ಸ್ಕ್ರಿಪ್ಟ್ ಈಗ ಕೆಟ್ಟ ಸಾಲಿನ ನಂಬರ್, ಅದರಲ್ಲಿದ್ದ ಮೂಲ ಪಠ್ಯ, ಕಾರಣ ಮೂರನ್ನೂ ಕೂಡಿಡುತ್ತದೆ. ಕೊನೆಗೆ ಎಷ್ಟು ಓದಿದೆ, ಎಷ್ಟು ಬಿಟ್ಟೆ ಅಂತ ಬರೆಯುತ್ತದೆ. ಬಿಟ್ಟದ್ದು ಒಂದೇ ಇದ್ದರೂ ಆ ಪಟ್ಟಿ ಎರರ್ ಔಟ್‌ಪುಟ್‌ಗೆ ಹೋಗುತ್ತದೆ, ನಿಗದಿತ ಸಮಯಕ್ಕೆ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಅದನ್ನು ನನಗೆ ಮೇಲ್ ಮಾಡುತ್ತದೆ. ಮೂಲ ಪಠ್ಯ ಇಡುವುದು ತುಂಬಾ ಮುಖ್ಯ. ‘ದಿನಾಂಕ ತಪ್ಪು’ ಅಂತ ಮಾತ್ರ ಹೇಳಿದರೆ ಮತ್ತೆ ಫೈಲ್ ತೆರೆದು ಹುಡುಕುತ್ತಾ ಕೂರಬೇಕು.

ನೇಮ್‌ಸ್ಪೇಸ್ (ಕ್ಲಾಸ್ ಹೆಸರುಗಳನ್ನು ಗುಂಪು ಮಾಡಿಡುವ ವ್ಯವಸ್ಥೆ) ಬಳಸುವವರಿಗೆ ಒಂದು ಮಾತು. ನೇಮ್‌ಸ್ಪೇಸ್ ಒಳಗೆ ಕ್ಯಾಚ್‌ನಲ್ಲಿ ಎಕ್ಸೆಪ್ಷನ್ ಅಂತ ಬರೆದು, ಅದರ ಮುಂದೆ ಹಿಂಬದಿ ಓರೆಗೆರೆ (\) ಹಾಕಲು ಮರೆತರೆ, ಪಿಎಚ್‌ಪಿ ಅದನ್ನು ನಿಮ್ಮದೇ ನೇಮ್‌ಸ್ಪೇಸ್‌ನ ಕ್ಲಾಸ್ ಅಂದುಕೊಳ್ಳುತ್ತದೆ. ಆ ಹೆಸರಿನ ಕ್ಲಾಸ್ ಇದೆಯಾ ಅಂತಲೂ ನೋಡುವುದಿಲ್ಲ. ಕ್ಯಾಚ್ ಅಲ್ಲೇ ಇರುತ್ತದೆ, ಏನನ್ನೂ ಹಿಡಿಯುವುದಿಲ್ಲ. ಇದಕ್ಕೆ ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಗಿದೆ.

ಎಕ್ಸೆಪ್ಷನ್ ಬಂತು ಅಂದಮಾತ್ರಕ್ಕೆ ಎಲ್ಲ ಸರಿ ಆಗಲಿಲ್ಲ. ಡೇಟ್‌ಟೈಮ್‌ಗೆ 2023-02-30 ಕೊಟ್ಟು ನೋಡಿ. ಎಕ್ಸೆಪ್ಷನ್ ಬರುವುದಿಲ್ಲ, ಮಾರ್ಚ್ 2 ಬರುತ್ತದೆ. ಇದು ಬೇಕಂತಲೇ ಇಟ್ಟ ಗುಣ. ಮಾರ್ಚ್ ತಿಂಗಳ ಸೊನ್ನೆಯ ದಿನ ಕೊಡು ಅಂತ ಎಂಕೆಟೈಮ್ ಅನ್ನುವ ಫಂಕ್ಷನ್‌ಗೆ ಹೇಳಿದರೆ ಫೆಬ್ರವರಿಯ ಕೊನೆಯ ದಿನ ಸಿಗುತ್ತದೆ, 28 ಅಥವಾ 29. ಲೆಕ್ಕ ಹಾಕುವಾಗ ಈ ಹರಿಯುವ ಗುಣ ಬಹಳ ಉಪಯೋಗ. ಆದರೆ ಜನ ಬರೆದದ್ದನ್ನು ಓದುವಾಗ ಅದು ಬೇಡವೇ ಬೇಡ. ಫೆಬ್ರವರಿ 30 ಅಂತ ಬರೆದವರ ಮನಸ್ಸಿನಲ್ಲಿ ಮಾರ್ಚ್ 2 ಇರಲಿಲ್ಲ. ಬಹುಶಃ ಜನವರಿ 30 ಇತ್ತು, ಇಲ್ಲವೇ ಫೆಬ್ರವರಿ 20. ಅದನ್ನು ಅವರನ್ನೇ ಕೇಳಬೇಕು.

ಹಾಗಾಗಿ ಓದುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ತಂದೆ. ಇಡೀ ಸ್ಕ್ರಿಪ್ಟ್‌ನಲ್ಲಿ ಪಠ್ಯ ತಾರೀಖಾಗುವುದು ಅಲ್ಲಿ ಮಾತ್ರ. ಅದು ನಾವು ಹೇಳಿದ ಕ್ರಮದಲ್ಲೇ ತಾರೀಖು ಓದುವ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಬಳಸುತ್ತದೆ. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ನಾಲ್ಕು ಅಂಕಿಯ ವರ್ಷ, ನಡುವೆ ಅಡ್ಡಗೆರೆ ಅಂತ ನಾನೇ ಹೇಳುತ್ತೇನೆ. ಊಹೆಗೆ ಜಾಗ ಕೊಡುವುದಿಲ್ಲ. ಫಾರ್ಮ್ಯಾಟ್‌ನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇದೆ. ಅದು ಯಾಕೆ ಬೇಕು ಅಂತ ಹೇಳಲೇಬೇಕು.

ಆ ಚಿಹ್ನೆ ಇಲ್ಲದಿದ್ದರೆ, ನಾವು ಕೊಡದ ಭಾಗಗಳನ್ನೆಲ್ಲ ಈ ಫಂಕ್ಷನ್ ಈಗಿನ ಸಮಯದಿಂದ ತುಂಬಿಕೊಳ್ಳುತ್ತದೆ. ನನ್ನ ಇನ್ನೊಂದು ಸ್ಕ್ರಿಪ್ಟ್ ತಿಂಗಳ ವರದಿ ಮಾಡುತ್ತದೆ. ಅದಕ್ಕೆ 2022-06 ಅಂತ ವರ್ಷ, ತಿಂಗಳು ಮಾತ್ರ ಕೊಡುತ್ತಿದ್ದೆವು. ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು. ಆಗಸ್ಟ್ 31ರಂದು ಜೂನ್ ವರದಿ ಇನ್ನೊಮ್ಮೆ ಬೇಕು ಅಂದರು. ಓಡಿಸಿದರೆ ತಲೆಬರಹದಲ್ಲಿ ಜುಲೈ. ದಿನ ಕೊಟ್ಟಿರಲಿಲ್ಲವಲ್ಲ, ಅದು ಅವತ್ತಿನ 31 ತೆಗೆದುಕೊಂಡಿತು. ಜೂನ್ 31 ಇಲ್ಲ, ಹರಿದು ಜುಲೈ 1 ಆಯಿತು. ಮರುದಿನ ನೋಡಿದರೆ ಎಲ್ಲ ಸರಿ! ತಪ್ಪನ್ನು ತೋರಿಸಲು ಯಾರನ್ನಾದರೂ ಕರೆದರೆ ಅದು ಅಲ್ಲಿ ಇರುವುದಿಲ್ಲ. ಆಶ್ಚರ್ಯಸೂಚಕ ಹಾಕಿದರೆ ಕೊಡದ ಭಾಗಗಳು 1970ರ ಮೊದಲ ದಿನಕ್ಕೆ, ಸೊನ್ನೆ ಗಂಟೆಗೆ ಹೋಗಿ ನಿಲ್ಲುತ್ತವೆ, ದಿನ 1 ಆಗುತ್ತದೆ. ಈಗ ನಾನು ಪರೀಕ್ಷೆ ಮಾಡುವಾಗ ‘ಇವತ್ತು’ ಅನ್ನುವುದನ್ನೂ ಹೊರಗಿನಿಂದ ಕೊಡುತ್ತೇನೆ. 31ನೇ ತಾರೀಖು, ಫೆಬ್ರವರಿ 29, ಡಿಸೆಂಬರ್ 31 ಮೂರಂತೂ ಇದ್ದೇ ಇರುತ್ತವೆ.

ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಓದಲು ಆಗದಿದ್ದರೆ ಎಕ್ಸೆಪ್ಷನ್ ಎಸೆಯುವುದಿಲ್ಲ, ಇವತ್ತಿಗೂ ಫಾಲ್ಸ್ ಕೊಡುತ್ತದೆ. ಹಾಗಾಗಿ ಫಾಲ್ಸ್ ಬಂದರೆ ನಾನೇ ಎಸೆಯುತ್ತೇನೆ. ಇನ್ನು ಫೆಬ್ರವರಿ 30ರ ಕತೆ. ಮೊದಲು ಒಂದು ಸರಳ ಉಪಾಯ ಮಾಡಿದ್ದೆ. ಓದಿದ ತಾರೀಖನ್ನು ಮತ್ತೆ ಪಠ್ಯ ಮಾಡಿ, ಬಂದದ್ದಕ್ಕೆ ಹೋಲಿಸುವುದು. ಬೇರೆ ಆದರೆ ತಪ್ಪು. ಚೆನ್ನಾಗಿಯೇ ಇತ್ತು, ಆದರೆ 1-4-2015 ಅಂತ ಸೊನ್ನೆ ಇಲ್ಲದೆ ಬರೆದವರೆಲ್ಲ ಹೊರಗೆ ಬಿದ್ದರು. ಅದಕ್ಕೆ, ಈಗಷ್ಟೇ ಓದಿದ್ದರಲ್ಲಿ ಎಷ್ಟು ತಪ್ಪು ಅಂತ ಹೇಳುವ ಗೆಟ್‌ಲಾಸ್ಟ್‌ಎರರ್ಸ್ ಕಡೆಗೆ ಹೋದೆ. ಇಲ್ಲದ ದಿನ ಕೊಟ್ಟು ಅದು ಮುಂದಕ್ಕೆ ಹರಿದಿದ್ದರೆ ಅಲ್ಲಿ ವಾರ್ನಿಂಗ್ ಲೆಕ್ಕ 1 ಇರುತ್ತದೆ. ಸೊನ್ನೆಗಿಂತ ಜಾಸ್ತಿ ಇದ್ದರೆ ಎಸೆ. ಮುಗಿಯಿತು.

ಮುಗಿಯಲಿಲ್ಲ. ಸರ್ವರ್‌ನ ಪಿಎಚ್‌ಪಿ 8.2ಕ್ಕೆ ಏರಿದ ದಿನ ಸ್ಕ್ರಿಪ್ಟ್ ಮೊದಲ ಸಾಲಿಗೇ ನಿಂತಿತು. ಸರಿಯಾದ ತಾರೀಖುಗಳೇ ಬೀಳುತ್ತಿದ್ದವು! ನಾನು ಮೊದಲೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಪಿಎಚ್‌ಪಿಯ ಹಳೆಯ ಕಾಲದ ವಾರ್ನಿಂಗ್‌ಗಳನ್ನೆಲ್ಲ ಹಿಡಿದು ಎರರ್‌ಎಕ್ಸೆಪ್ಷನ್ ಆಗಿ ಎಸೆಯುವ ಒಂದು ಹ್ಯಾಂಡ್ಲರ್. 8.2ರಿಂದ, ತಪ್ಪೇನೂ ಇಲ್ಲದಿದ್ದರೆ ಗೆಟ್‌ಲಾಸ್ಟ್‌ಎರರ್ಸ್ ಖಾಲಿ ಲೆಕ್ಕದ ಅರೇ (ಪಟ್ಟಿ) ಕೊಡುವ ಬದಲು ಫಾಲ್ಸ್ ಕೊಡುತ್ತದೆ. ಫಾಲ್ಸ್ ಒಳಗೆ ವಾರ್ನಿಂಗ್ ಲೆಕ್ಕ ಹುಡುಕಲು ಹೋದರೆ ಪಿಎಚ್‌ಪಿ ವಾರ್ನಿಂಗ್ ಕೊಡುತ್ತದೆ, ನನ್ನ ಹ್ಯಾಂಡ್ಲರ್ ಅದನ್ನು ಎಕ್ಸೆಪ್ಷನ್ ಮಾಡುತ್ತದೆ. ಕೆಟ್ಟ ತಾರೀಖಿನ ಎಕ್ಸೆಪ್ಷನ್ ಮಾತ್ರ ಸಾಲಿನ ಮಟ್ಟದಲ್ಲಿ ಹಿಡಿಯುತ್ತಿದ್ದೆ, ಇದು ಬೇರೆ ಜಾತಿಯದ್ದು, ಹಾಗಾಗಿ ನೇರ ಮೇಲೆ ಹೋಗಿ ಎಲ್ಲ ನಿಲ್ಲಿಸಿತು. ಲಾಗ್‌ನಲ್ಲಿ ಫೈಲ್ ಹೆಸರು, ಸಾಲಿನ ನಂಬರ್ ಎರಡೂ ಇದ್ದವು. ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಆ ಹತ್ತು ನಿಮಿಷವನ್ನೂ ಓರೆಗೆರೆ ಮಾಡಿದ ವರ್ಷಗಳ ಹಾನಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೂ ತಪ್ಪು ಪತ್ರ ಹೋಗಲಿಲ್ಲ. ನನಗೆ ನಿಜವಾಗಿ ಖುಷಿಯಾಯಿತು.

2023ರ ನವೆಂಬರ್‌ನಲ್ಲಿ ಬಂದ 8.3 ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಪಿಎಚ್‌ಪಿಯ ದಿನಾಂಕದ ಭಾಗವನ್ನು ಬಹಳ ವರ್ಷಗಳಿಂದ ನೋಡಿಕೊಂಡು ಬಂದಿರುವ ಡೆರಿಕ್ ರೆಥಾನ್ಸ್ ಮುಂದಿಟ್ಟ ಬದಲಾವಣೆ ಅದು. ಮೊದಲು ಎಲ್ಲಕ್ಕೂ ಬರೀ ಎಕ್ಸೆಪ್ಷನ್ ಅಂತ ಒಂದೇ ಹೆಸರು. ಈಗ ಪಠ್ಯ ಅರ್ಥವಾಗದಿದ್ದರೆ ಡೇಟ್‌ಮ್ಯಾಲ್‌ಫಾರ್ಮ್ಡ್‌ಸ್ಟ್ರಿಂಗ್‌ಎಕ್ಸೆಪ್ಷನ್, ಟೈಮ್‌ಝೋನ್ ಹೆಸರು ತಪ್ಪಿದ್ದರೆ ಡೇಟ್‌ಇನ್‌ವ್ಯಾಲಿಡ್‌ಟೈಮ್‌ಝೋನ್‌ಎಕ್ಸೆಪ್ಷನ್. ಹೆಸರು ಉದ್ದ, ಹೌದು. ಆದರೆ ಜನ ಕೊಟ್ಟ ತಪ್ಪು ತಾರೀಖನ್ನು ಒಂದು ಕಡೆ ಹಿಡಿದು, ಸೆಟ್ಟಿಂಗ್ ತಪ್ಪನ್ನು ಹಾಗೆಯೇ ಮೇಲಕ್ಕೆ ಬಿಡಬಹುದು. ಮೊದಲು ಇದಕ್ಕೆ ಎರರ್ ಪಠ್ಯವನ್ನೇ ಓದಿ ನೋಡಬೇಕಿತ್ತು.

ಇದಕ್ಕಿಂತ ನನಗೆ ಬೆಲೆ ಅನಿಸಿದ್ದು, ತಾರೀಖನ್ನು ಹಿಂದೆ ಮುಂದೆ ಸರಿಸುವ ಮಾಡಿಫೈ ಬದಲಾದದ್ದು. ರಿನ್ಯೂ ಅವಧಿ ನಮ್ಮಲ್ಲಿ ಸೆಟ್ಟಿಂಗ್‌ನಿಂದ ಬರುತ್ತದೆ. ಒಮ್ಮೆ ಯಾರೋ ಅಲ್ಲಿ ಇಂಗ್ಲಿಷ್ ಪದದ ಬದಲು ‘+1 ವರ್ಷ’ ಅಂತ ಹಾಕಿದ್ದರು. ಕನ್ನಡದಲ್ಲಿ ಬರೆದದ್ದು ತಪ್ಪಲ್ಲ, ಸಹಜ. ಆದರೆ ಹಳೆಯ ಮಾಡಿಫೈಗೆ ಅದು ಅರ್ಥವಾಗದೆ ವಾರ್ನಿಂಗ್ ಕೊಟ್ಟು, ಫಾಲ್ಸ್ ಕೊಟ್ಟು, ತಾರೀಖನ್ನು ಇದ್ದ ಹಾಗೆಯೇ ಬಿಟ್ಟಿತು. ನನ್ನ ಹ್ಯಾಂಡ್ಲರ್ ಆಗಿನ್ನೂ ಇರಲಿಲ್ಲ. ಸೇರಿದ ದಿನವೇ ರಿನ್ಯೂ ದಿನ ಆಗಿ ಕೂತಿತು. 8.3ರಲ್ಲಿ ಅದೇ ಕರೆ ಎಕ್ಸೆಪ್ಷನ್ ಎಸೆಯುತ್ತದೆ. ಫಂಕ್ಷನ್ ರೂಪದ ಡೇಟ್‌ಮಾಡಿಫೈ ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ಇದೆ, ಸ್ಟ್ರ್‌ಟುಟೈಮ್ ಕೂಡ. ಹಳೆಯ ಕೋಡ್ ಬೀಳಬಾರದು ಅಂತ ಹಾಗೆ ಬಿಟ್ಟಿರುತ್ತಾರೆ. ನನ್ನ ಸ್ಕ್ರಿಪ್ಟ್‌ನಲ್ಲಿ ಇವೆರಡರ ಹೆಸರು ಕಂಡರೆ ಟೆಸ್ಟ್ ಫೇಲ್ ಆಗುವ ಹಾಗೆ ಮಾಡಿಟ್ಟಿದ್ದೇನೆ.

ತಲೆಕೆಳಗಾಗಿ ಒಳಗೆ ಹೋಗಿದ್ದ ಆ ಹಳೆಯ ತಾರೀಖುಗಳ ಕೆಲಸ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿತು. ಡೇಟಾಬೇಸ್‌ನಲ್ಲಿ ದಿನ, ತಿಂಗಳು ಎರಡೂ 12ರೊಳಗೆ ಇದ್ದು ಬೇರೆ ಬೇರೆ ಆಗಿರುವ ಸಾಲುಗಳನ್ನೆಲ್ಲ ತೆಗೆದೆ. 212 ಇದ್ದವು. ಯಾವುದು ಅಡ್ಡಗೆರೆಯಿಂದ ಬಂದದ್ದು, ಯಾವುದು ಓರೆಗೆರೆಯಿಂದ ಬಂದದ್ದು ಅಂತ ಆ ಸಾಲುಗಳನ್ನು ನೋಡಿ ಹೇಳಲು ಆಗುವುದಿಲ್ಲ. ಮೂಲ ಪಠ್ಯ ಯಾರೂ ಇಟ್ಟಿರಲಿಲ್ಲ. ನಾನೂ ಆ ಹುಡುಗಿಯೂ ಕಾಗದದ ಅರ್ಜಿಗಳ ಕಟ್ಟು ಬಿಚ್ಚಿ ಒಂದೊಂದಾಗಿ ಹೋಲಿಸಿದೆವು. ಅವಳು ಓದುವುದು, ನಾನು ಗುರುತು ಹಾಕುವುದು. ಮೂರು ಶನಿವಾರ ಹಿಡಿಯಿತು. 203 ಸಿಕ್ಕವು, ಅದರಲ್ಲಿ 88 ತಪ್ಪಿದ್ದವು, ತಿದ್ದಿದೆವು.

9 ಅರ್ಜಿಗಳು ಸಿಗಲಿಲ್ಲ. ಆ 9 ಜನರ ಸೇರಿದ ದಿನವನ್ನು ಅಳಿಸಿ ಖಾಲಿ ಬಿಟ್ಟಿದ್ದೇನೆ. ಪ್ರತಿ ತಿಂಗಳು ಸ್ಕ್ರಿಪ್ಟ್ ಓಡಿದಾಗ ಅವರ ಹೆಸರು ಬಿಟ್ಟ ಸಾಲುಗಳ ಪಟ್ಟಿಯಲ್ಲಿ ಬರುತ್ತದೆ. ನಾನು ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದೇನೆ. ಈ ತಿಂಗಳಿಗೆ ಪಟ್ಟಿ 4ಕ್ಕೆ ಇಳಿದಿದೆ.